ಐ.ಸಿ.ಯು.ನಿಂದ ವಾರ್ಡಿಗೆ ಬಂದ ಮೇಲೆ



ಬಂಟ್ವಾಳದ ತೋಟದಲ್ಲಿ ಅಡಿಕೆ ಮರದಿಂದ ಬಿದ್ದವರನ್ನು, ಬೆಳ್ತಂಗಡಿ ಕಡೆ ಹಾವು ಕಚ್ಚಿದವರನ್ನು, ಮೂಡುಬಿದಿರೆಯ ರಸ್ತೆಯಲ್ಲಿ ಅಪಘಾತಕ್ಕೆ ಸಿಕ್ಕಿದವರನ್ನು ಮಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಒಯ್ಯುವುದನ್ನು ನೀವು ಕೇಳಿರುತ್ತೀರಿ. ಕೆಲವು ದಿನ ತೀವ್ರ ನಿಗಾ ಘಟಕದಲ್ಲಿ, ಅಂದರೆ ಐ.ಸಿ.ಯು.ನಲ್ಲಿ ಚಿಕಿತ್ಸೆ. ಬಳಿಕ ಒಂದು ಸಂಜೆ, "ಇನ್ನು ವಾರ್ಡಿಗೆ ಹಾಕುತ್ತೇವೆ" ಎಂಬ ಮಾತು ಬರುತ್ತದೆ. ಹಿರಿಯರು ನಿಟ್ಟುಸಿರು ಬಿಟ್ಟು ಕೊನೆಯ ಬಸ್ಸು ಹಿಡಿಯುತ್ತಾರೆ. ರೋಗಿಯ ಬಳಿ ಉಳಿಯುವವರು ಹಲವು ಬಾರಿ ಕಾಲೇಜಿಗೆ ರಜೆ ಹಾಕಿದ ಮಗನೋ ಮಗಳೋ. ಅಂದರೆ ನೀವೇ.

ಅಪಾಯ ಕಳೆಯಿತೆಂದು ತಿಳಿಯಬೇಡಿ. ಕಡಿಮೆಯಾದದ್ದು ಕಾಯಿಲೆ ಮಾತ್ರವಲ್ಲ, ನೋಡುವ ಕಣ್ಣುಗಳೂ ಕಡಿಮೆಯಾಗಿವೆ.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿ, ಅನೇಕರಿಗೆ ಉಸಿರಾಡಲಾಗದಂತಾಯಿತು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರ ಸಲಹೆಯಂತೆ ಸುಮಾರು 1,500 ವಿದ್ಯಾರ್ಥಿಗಳು ಸರದಿಯಲ್ಲಿ ಕುಳಿತು, ಕೈಯಿಂದ ರಬ್ಬರ್ ಚೀಲ ಒತ್ತಿ ರೋಗಿಗಳಿಗೆ ಗಾಳಿ ಕೊಟ್ಟರು. ಸಾವುಗಳು ಬಹಳ ಇಳಿದವು. ಐ.ಸಿ.ಯು. ಹುಟ್ಟಿದ್ದು ಇಂಥ ಎಡೆಬಿಡದ ಕಾವಲಿನಿಂದ. ಇಂದಿಗೂ ಅಲ್ಲಿ ಯಂತ್ರ ಕ್ಷಣಕ್ಷಣಕ್ಕೂ ನಾಡಿ, ಆಮ್ಲಜನಕ ತೋರಿಸುತ್ತದೆ. ವಾರ್ಡಿನಲ್ಲಾದರೋ ರಾತ್ರಿ ಒಬ್ಬ ನರ್ಸ್ ಹಲವು ಹಾಸಿಗೆಗಳನ್ನು ನೋಡಿಕೊಳ್ಳಬೇಕು. ಅದಕ್ಕಾಗಿಯೇ ಬ್ರಿಟನ್ನಿನ 2007ರ ಮಾರ್ಗಸೂಚಿಯು ರಾತ್ರಿ 10ರಿಂದ ಬೆಳಿಗ್ಗೆ 7ರ ನಡುವೆ ರೋಗಿಯನ್ನು ಐ.ಸಿ.ಯು.ನಿಂದ ಕಳಿಸುವುದನ್ನು ಆದಷ್ಟು ತಪ್ಪಿಸಬೇಕೆನ್ನುತ್ತದೆ.

ಮೊದಲು ನೋಡಬೇಕಾದದ್ದು ಉಸಿರು. ಎದೆ ಏರಿಳಿಯುವುದನ್ನು ಒಂದು ಪೂರ್ತಿ ನಿಮಿಷ ಎಣಿಸಿ. ವಯಸ್ಕರಿಗೆ 12ರಿಂದ 20 ಸಹಜ. 25 ಮುಟ್ಟಿದರೆ, ಅಥವಾ 8ಕ್ಕೆ ಇಳಿದರೆ, ತಡಮಾಡದೆ ತಿಳಿಸಬೇಕು. ಇದ್ದಕ್ಕಿದ್ದಂತೆ ಅಸಂಬದ್ಧ ಮಾತು, ಎಬ್ಬಿಸಲಾಗದ ಮಂಪರು, ಮೂತ್ರ ಬಹಳ ಕಡಿಮೆಯಾಗುವುದು - ಇವೂ ಎಚ್ಚರಿಕೆಯ ಚಿಹ್ನೆಗಳೇ.

ಇನ್ನು ಗಂಜಿ. ಊರಿನಿಂದ ಬಂದವರು ಪ್ರೀತಿಯಿಂದ ಮೊದಲು ಕೊಡುವುದೇ ಅದು! ಗಂಟಲಿನಲ್ಲಿ ದಿನಗಟ್ಟಲೆ ಕೊಳವೆ ಇದ್ದವರಿಗೆ ನುಂಗುವ ಶಕ್ತಿ ಕುಂದಿರುತ್ತದೆ. ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ವೈದ್ಯರು ಒಪ್ಪುವವರೆಗೆ ನೀರೂ ಬೇಡ.

ಮನೆಯಲ್ಲಿ ಸೇವಿಸುತ್ತಿದ್ದ ಮಾತ್ರೆಗಳ ಚೀಟಿಯನ್ನೂ ತೋರಿಸಿ. ಐ.ಸಿ.ಯು.ನಲ್ಲಿ ಬೇಕೆಂದೇ ನಿಲ್ಲಿಸಿದ ಮಾತ್ರೆಯನ್ನು ಮತ್ತೆ ಆರಂಭಿಸಲು ಮರೆಯುವುದುಂಟು. 2011ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದು ಇದನ್ನು ತೋರಿಸಿದೆ.

ಹೇಳಲು ಸಂಕೋಚವೇ? ಇಂಗ್ಲೆಂಡಿನಲ್ಲಿ ಮಾರ್ಥಾ ಮಿಲ್ಸ್ ಎಂಬ 13 ವರ್ಷದ ಬಾಲಕಿ 2021ರಲ್ಲಿ ನಂಜೇರಿ ತೀರಿಕೊಂಡಳು. ವಾರ್ಡಿನಲ್ಲಿ ಹೆತ್ತವರು ವ್ಯಕ್ತಪಡಿಸಿದ ಆತಂಕಕ್ಕೆ ಬೆಲೆ ಸಿಕ್ಕಿರಲಿಲ್ಲ. ಮನೆಯವರೇ ಬೇರೊಂದು ವೈದ್ಯ ತಂಡವನ್ನು ಕರೆಸಬಹುದಾದ ವ್ಯವಸ್ಥೆ 2024ರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ ಅವಳ ಹೆಸರಿನಲ್ಲೇ ಜಾರಿಗೆ ಬರುತ್ತಿದೆ.

"ಯಾಕೋ ಸರಿಯಿಲ್ಲ ಸಿಸ್ಟರ್" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. "ಸಂಜೆ ನಿಮಿಷಕ್ಕೆ 18 ಇದ್ದ ಉಸಿರು ಈಗ 28 ಆಗಿದೆ, ದಯವಿಟ್ಟು ಬಂದು ನೋಡಿ" ಎನ್ನಿ. ಯಾರೂ ಬಾರದಿದ್ದರೆ ಕೂಡಲೇ ಮತ್ತೆ ಹೋಗಿ, ಕರ್ತವ್ಯದಲ್ಲಿರುವ ವೈದ್ಯರನ್ನು ಕರೆಸುವಂತೆ ಕೇಳಿ.