ಬದುಕಿರುವ ಶಾರ್ಕ್‌ನ ಬೆಲೆ ಎಷ್ಟು?

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಮೃದ್ವಸ್ಥಿ ಮೀನುಗಳಿಗೆ ಉದಾಹರಣೆ ಕೊಡಿ ಎಂದರೆ ಸ್ಕೋಲಿಯೋಡಾನ್, ಪ್ರಿಸ್ಟಿಸ್, ಟ್ರೈಗಾನ್ ಎಂದು ನಾವೆಲ್ಲ ಒಂದೇ ಉಸಿರಿಗೆ ಹೇಳುತ್ತೇವೆ. ಇವುಗಳಿಗೆ ಗಾಳಿಚೀಲ ಇಲ್ಲ, ಆದ್ದರಿಂದ ಮುಳುಗದಿರಲು ಸದಾ ಈಜುತ್ತಿರಬೇಕು ಎಂಬ ಸಾಲನ್ನೂ ಬರೆದು ಅಂಕ ಪಡೆದಿದ್ದೇವೆ. ಆದರೆ ಮಿಡಿಗೇಶಿಯ ಸುತ್ತಮುತ್ತ ಜೀವಂತ ಶಾರ್ಕ್ ನೋಡಿದವರು ಎಷ್ಟು ಜನ ಸಿಗುತ್ತಾರೆ? ನಮ್ಮದು ಬಾವಿಯಲ್ಲಿ ಈಜು ಕಲಿಯುವ, ಕೆರೆ ತುಂಬಿದರೆ ಊರೇ ನೋಡಲು ಹೋಗುವ ಬಯಲುಸೀಮೆ. ಕರಾವಳಿಯವರು ತಾಟೆ ಎಂದು ಕರೆಯುವ ಈ ಮೀನಿನ ಬಗ್ಗೆ ನಮಗೆ ಗೊತ್ತಿರುವುದು ಪಠ್ಯದ ಚಿತ್ರ ಮತ್ತು ಸಿನಿಮಾದ ಭಯ, ಎರಡೇ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ನಮ್ಮ ಚಾಚಾ ಅವರಿಂದ. ಅವರು ಮಾಲ್ಡೀವ್ಸ್‌ನಲ್ಲಿ ಒಂದು ಸಫಾರಿ ಹಡಗಿನಲ್ಲಿ ಅಡುಗೆ ಕೆಲಸ ಮಾಡುತ್ತಾರೆ. ಆ ಹಡಗಿಗೆ ಬರುವ ಅತಿಥಿಗಳು ವಾರವಿಡೀ ಹಡಗಿನಲ್ಲೇ ಉಂಡು, ಮಲಗಿ, ದಿನಕ್ಕೆ ಮೂರು ನಾಲ್ಕು ಬಾರಿ ಸಮುದ್ರದೊಳಗೆ ಇಳಿಯುತ್ತಾರಂತೆ. ಹಣ ಕೊಟ್ಟು ಶಾರ್ಕ್ ಇರುವ ಕಡೆಗೇ ಯಾಕೆ ಹೋಗುತ್ತಾರೆ ಎಂದು ನಮ್ಮ ದಾದಿ ಇವತ್ತಿಗೂ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲಿಗೆ, ಹಡಗಿನಲ್ಲೇ ಯಾಕೆ ತಂಗಬೇಕು? ದೊಡ್ಡ ಶಾರ್ಕ್‌ಗಳು ಸಾಮಾನ್ಯವಾಗಿ ದಡದ ಬಳಿ ಸಿಗುವುದಿಲ್ಲ. ಹವಳದ ದಿಬ್ಬಗಳ ಅಂಚಿನಲ್ಲಿ, ಎರಡು ದಿಬ್ಬಗಳ ನಡುವಿನ ಕಾಲುವೆಯ ಬಾಯಿಯಲ್ಲಿ ಅವು ಇರುತ್ತವೆ. ಮಾಲ್ಡೀವ್ಸ್‌ನವರು ಇಂಥ ಕಾಲುವೆಗೆ ಕಂಡು ಎನ್ನುತ್ತಾರೆ. ಹೊರಗಿನ ಸಮುದ್ರದ ತಿಳಿನೀರು ಒಳಗೆ ನುಗ್ಗುವ ಹೊತ್ತಿಗೆ ಬೂದು ಶಾರ್ಕ್‌ಗಳು ಅಲ್ಲಿ ಸೇರುತ್ತವೆ. ದಡದಿಂದ ದಿನವೂ ಹೋಗಿ ಬಂದರೆ ಆ ಹೊತ್ತು ತಪ್ಪಿಹೋಗುತ್ತದೆ. ಹಡಗು ರಾತ್ರಿ ಪಕ್ಕದಲ್ಲೇ ಲಂಗರು ಹಾಕಿದ್ದರೆ ಸೂರ್ಯ ಹುಟ್ಟುವ ವೇಳೆಗೆ ಇಳಿಯಬಹುದು. ಭಾರತದಲ್ಲಿಯೂ ಇಂಥ ಜಾಗವಿದೆ. ಅಂಡಮಾನಿನ ಬ್ಯಾರನ್ ದ್ವೀಪ, ಅಂದರೆ ನಮ್ಮ ದೇಶದ ಏಕೈಕ ಸಕ್ರಿಯ ಜ್ವಾಲಾಮುಖಿ, ಹಿಂದೆ ಪೋರ್ಟ್ ಬ್ಲೇರ್ ಎನ್ನುತ್ತಿದ್ದ ಶ್ರೀ ವಿಜಯಪುರಂ‌ನಿಂದ ಸುಮಾರು 140 ಕಿಲೋಮೀಟರ್ ದೂರದಲ್ಲಿದೆ.

ನಮ್ಮ ಕರ್ನಾಟಕದಲ್ಲಿ ಹಡಗಿನಲ್ಲಿ ತಂಗುವ ಅಗತ್ಯವಿಲ್ಲದ ಒಂದು ತಾಣವಿದೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಹೋಗಿ ಅದೇ ದಿನ ವಾಪಸು ಬರಬಹುದು. ಮಳೆಗಾಲದಲ್ಲಿ ಮಾತ್ರ ಸಾಧ್ಯವಿಲ್ಲ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ನೀರಿಗೆ ಇಳಿದದ್ದು ಇಲ್ಲಿಯೇ. ಹವಳ, ಬಣ್ಣದ ಮೀನುಗಳ ಜೊತೆ ಅದೃಷ್ಟವಿದ್ದರೆ ರೆಕ್ಕೆಯ ತುದಿ ಕಪ್ಪಾಗಿರುವ ಶಾರ್ಕ್ ಕೂಡ ಅಲ್ಲಿ ಕಾಣುತ್ತದೆ.

ಈಗ ನಮ್ಮ ಪಠ್ಯಕ್ಕೆ ಬರೋಣ. ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ದ್ರಾವಣಗಳ ಪಾಠದಲ್ಲಿ ಹೆನ್ರಿಯ ನಿಯಮಕ್ಕೆ ಉದಾಹರಣೆಯಾಗಿ ಸ್ಕೂಬಾ ಮುಳುಗುಗಾರರ ಮಾತು ಬರುತ್ತದೆ. ನೀರಿನೊಳಗೆ ಪ್ರತಿ 10 ಮೀಟರ್‌ಗೆ ಒತ್ತಡ ಸುಮಾರು ಒಂದು ವಾಯುಮಂಡಲದಷ್ಟು ಏರುತ್ತದೆ. 30 ಮೀಟರ್ ಆಳದಲ್ಲಿ ಮೇಲಿನದಕ್ಕಿಂತ ನಾಲ್ಕು ಪಟ್ಟು. ಒತ್ತಡ ಏರಿದಂತೆ ಉಸಿರಿನ ಸಾರಜನಕ ರಕ್ತದಲ್ಲಿ ಹೆಚ್ಚು ಕರಗುತ್ತದೆ. ಗಡಿಬಿಡಿಯಲ್ಲಿ ಮೇಲೆ ಬಂದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವಂತೆ ಆ ಅನಿಲ ಗುಳ್ಳೆಗಳಾಗಿ ಹೊರಬರುತ್ತದೆ. ಗುಳ್ಳೆ ರಕ್ತನಾಳಕ್ಕೆ ಅಡ್ಡವಾದರೆ ಕೀಲುನೋವು, ಪಾರ್ಶ್ವವಾಯು, ಕೆಲವೊಮ್ಮೆ ಸಾವು. ಅದಕ್ಕೆ ಎಲ್ಲರೂ ನಿಧಾನವಾಗಿ ಏರಿ, 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು ಮೇಲೆ ಬರುತ್ತಾರೆ. ಬಾಯ್ಲನ ನಿಯಮವೂ ಇಲ್ಲಿ ಕೆಲಸ ಮಾಡುತ್ತದೆ. ಉಸಿರು ಬಿಗಿಹಿಡಿದು ಮೇಲೇರಿದರೆ ಶ್ವಾಸಕೋಶದ ಗಾಳಿ ಹಿಗ್ಗಿ ಅಂಗಾಂಶವೇ ಹರಿಯಬಹುದು. ಆದ್ದರಿಂದ ಸ್ಕೂಬಾದ ಮೊದಲ ಪಾಠ: ಉಸಿರು ಹಿಡಿಯಬೇಡಿ.

ಪಠ್ಯದಲ್ಲಿ ಸಿಲಿಂಡರಿನಲ್ಲಿ ಹೀಲಿಯಂ 11.7%, ಸಾರಜನಕ 56.2%, ಆಮ್ಲಜನಕ 32.1% ಎಂದಿದೆ. ಪರೀಕ್ಷೆಯಲ್ಲಿ ಅದನ್ನೇ ಬರೆಯೋಣ. ಆದರೆ ಹೀಲಿಯಂ ಮಿಶ್ರಣ ಬಹಳ ಆಳಕ್ಕೆ ಇಳಿಯುವ ವಿಶೇಷ ತರಬೇತಿಯವರದ್ದು. ಪ್ರವಾಸಿಗರು ಉಸಿರಾಡುವುದು ಸಾಮಾನ್ಯ ಗಾಳಿ, ಇಲ್ಲವೇ ನೈಟ್ರಾಕ್ಸ್. ನೈಟ್ರಾಕ್ಸ್‌ನಲ್ಲಿ ಹೆಚ್ಚಾಗಿ ಆಮ್ಲಜನಕ 32%, ಉಳಿದದ್ದು ಸಾರಜನಕ. ಸಾರಜನಕ ಕಡಿಮೆ ಇರುವುದರಿಂದ ದಿನಕ್ಕೆ ಹಲವು ಬಾರಿ ಇಳಿಯುವವರಿಗೆ ಇದು ಅನುಕೂಲ. ಆದರೆ ಸುಮಾರು 33 ಮೀಟರ್‌ಗಿಂತ ಕೆಳಗೆ ಹೋದರೆ ಆ ಆಮ್ಲಜನಕವೇ ವಿಷವಾಗಬಹುದು. ಇನ್ನೊಂದು ನಿಯಮ, ಕೊನೆಯ ಮುಳುಗಿನ ನಂತರ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಹೀಗಾಗಿ ಕೊನೆಯ ದಿನ ಅತಿಥಿಗಳಿಗೆ ತಿನ್ನುವುದು, ಮಲಗುವುದು ಬಿಟ್ಟು ಬೇರೆ ಕೆಲಸವಿಲ್ಲ, ಅಡುಗೆಮನೆಗೇ ಅವತ್ತು ಹೆಚ್ಚು ಕೆಲಸ ಎಂದು ಚಾಚಾ ನಗುತ್ತಾರೆ.

ಶಾರ್ಕ್ ಕಚ್ಚುವುದಿಲ್ಲವೇ? ಜಗತ್ತಿನಾದ್ಯಂತ ಶಾರ್ಕ್ ಕಡಿತದಿಂದ ವರ್ಷಕ್ಕೆ ಸಾಯುವವರು ಸಾಮಾನ್ಯವಾಗಿ ಹತ್ತು ಜನರಿಗಿಂತ ಕಡಿಮೆ. ಆದರೆ 2013ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಅಂದಾಜಿನಂತೆ ಮನುಷ್ಯರು ಕೊಲ್ಲುವ ಶಾರ್ಕ್‌ಗಳ ಸಂಖ್ಯೆ ವರ್ಷಕ್ಕೆ ಸುಮಾರು 10 ಕೋಟಿ. ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳು 1970ರಿಂದ ಈಚೆಗೆ 71% ಕುಸಿದಿವೆ ಎಂದು 2021ರ ಅಧ್ಯಯನ ಹೇಳುತ್ತದೆ. ಯಾರು ಯಾರಿಗೆ ಹೆದರಬೇಕು ಎಂದು ನೀವೇ ಹೇಳಿ.

ಬೂತಾಯಿ ಮೀನು ಸಾವಿರಾರು ಮೊಟ್ಟೆ ಇಡುತ್ತದೆ, ಬೇಗ ಬೆಳೆಯುತ್ತದೆ. ಬಹುಪಾಲು ಶಾರ್ಕ್‌ಗಳು ಪ್ರಾಯಕ್ಕೆ ಬರಲು ಹಲವು ವರ್ಷ ಬೇಕು, ಹಾಕುವ ಮರಿಗಳೂ ಕೆಲವೇ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಲ್ಲುತ್ತದೆ. ಬೇಗ ಮರಿಮಾಡುವ ಮೀನಿಗೆ ಆ ಎರಡು ತಿಂಗಳು ದೊಡ್ಡ ಉಪಕಾರ, ಶಾರ್ಕ್‌ಗೆ ಅಷ್ಟು ಸಾಲದು. ಬೇರೆ ಮೀನಿಗೆ ಹಾಕಿದ ಬಲೆಯಲ್ಲೂ ಅದು ಸಿಕ್ಕಿಬೀಳುತ್ತದೆ.

ಹಾಗಾದರೆ ಪ್ರವಾಸದಿಂದ ಶಾರ್ಕ್ ಉಳಿಯುತ್ತದೆಯೇ? ಮಾಲ್ಡೀವ್ಸ್‌ನಲ್ಲಿ ನಡೆದು 1993ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೂದು ಶಾರ್ಕ್‌ನ ಲೆಕ್ಕ ಹಾಕಿತು. ಹಿಡಿದು ಮಾರಿದರೆ ಒಮ್ಮೆ ಸಿಗುವುದು 32 ಡಾಲರ್. ಅದೇ ಶಾರ್ಕ್ ಬದುಕಿದ್ದರೆ ನೋಡಲು ಬರುವವರಿಂದ ವರ್ಷಕ್ಕೆ ಸುಮಾರು 3,300 ಡಾಲರ್. ಆ ದೇಶ 2010ರಲ್ಲಿ ಶಾರ್ಕ್ ಬೇಟೆಯನ್ನು ನಿಷೇಧಿಸಿತು. ಚಾಚಾ ಅವರ ಸಂಬಳ, ಅದರಲ್ಲಿ ಕಟ್ಟಿದ ನನ್ನ ಕಾಲೇಜು ಶುಲ್ಕ, ಎರಡೂ ಒಂದು ರೀತಿಯಲ್ಲಿ ಬದುಕಿರುವ ಶಾರ್ಕ್‌ಗಳಿಂದಲೇ ಬಂದದ್ದು.

ಇನ್ನೊಂದು ಉಪಯೋಗವೂ ಇದೆ. ತಿಮಿಂಗಿಲ ಶಾರ್ಕ್‌ನ ಮೈಮೇಲಿನ ಚುಕ್ಕಿಗಳು ನಮ್ಮ ಬೆರಳಚ್ಚಿನಂತೆ, ಒಂದರಂತೆ ಇನ್ನೊಂದಿಲ್ಲ. ಆಕಾಶದ ನಕ್ಷತ್ರ ಗುರುತಿಸಲು ಮಾಡಿದ ಗಣನಕ್ರಮವನ್ನೇ ಈ ಚುಕ್ಕಿ ಗುರುತಿಸಲು ಬಳಸಿದ್ದಾರೆ. ಪ್ರವಾಸಿ ತೆಗೆದ ಫೋಟೋದಿಂದ ಅದೇ ಶಾರ್ಕ್ ಮತ್ತೆ ಎಲ್ಲಿ ಕಂಡಿತು ಎಂದು ವಿಜ್ಞಾನಿಗಳು ತಿಳಿಯುತ್ತಾರೆ.

ಆದರೂ ಎಲ್ಲವೂ ಒಳ್ಳೆಯದೇ ಎಂದು ನಾನು ಹೇಳುವುದಿಲ್ಲ. ಲಂಗರು ಬಿದ್ದರೆ ಹವಳ ಒಡೆಯುತ್ತದೆ. ಹಡಗಿನ ಕೊಳಕು ನೀರು ಸಮುದ್ರಕ್ಕೆ ಸೇರುತ್ತದೆ. ಕೆಲವು ಕಡೆ ಮೀನಿನ ತುಂಡು ಎಸೆದು ಶಾರ್ಕ್‌ಗಳನ್ನು ಕರೆಯುತ್ತಾರೆ, ಇದು ಅವುಗಳ ಸ್ವಭಾವ ಕೆಡಿಸುತ್ತದೆ ಎಂಬ ವಾದವಿದೆ. ಸುರಕ್ಷತೆಯ ಪ್ರಶ್ನೆ ಇನ್ನೂ ದೊಡ್ಡದು. 2019ರ ಸೆಪ್ಟೆಂಬರ್ 2ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಬಳಿ ಕನ್ಸೆಪ್ಷನ್ ಎಂಬ ಹಡಗಿಗೆ ಬೆಳಗಿನ ಜಾವ ಬೆಂಕಿ ಬಿದ್ದು, ಕೆಳಗಿನ ಅಂತಸ್ತಿನಲ್ಲಿ ಮಲಗಿದ್ದ 34 ಜನ ಸತ್ತರು. ರಾತ್ರಿ ಗಸ್ತು ತಿರುಗುವವರು ಯಾರೂ ಇರಲಿಲ್ಲ ಎಂದು ತನಿಖೆ ಹೇಳಿತು. ರಾತ್ರಿ ಯಾರು ಎಚ್ಚರವಿರುತ್ತಾರೆ, ಹೊರಬರಲು ಎರಡನೇ ದಾರಿ ಎಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನು ಇಂಥ ಹಡಗು ಹತ್ತುವ ಪ್ರತಿಯೊಬ್ಬರೂ ಕೇಳಬೇಕು.

ಮೀನುಗಾರನ ಹೊಟ್ಟೆಪಾಡಿನ ಮಾತೂ ಇದೆ. ಗುಜರಾತಿನಲ್ಲಿ ಇದಕ್ಕೆ ಒಂದು ದಾರಿ ಕಂಡುಕೊಂಡರು. 2001ರಲ್ಲಿ ತಿಮಿಂಗಿಲ ಶಾರ್ಕ್ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿತು. ಕಾನೂನಿನ ಜೊತೆಗೆ, 2004ರಿಂದ ಅದನ್ನು ತವರಿಗೆ ಬರುವ ಮಗಳೆಂದು ಕರೆದು ಪ್ರಚಾರ ಮಾಡಿದರು. ಬಲೆ ಕತ್ತರಿಸಿ ಶಾರ್ಕ್ ಬಿಟ್ಟವರಿಗೆ ಸರ್ಕಾರ ಬಲೆಯ ನಷ್ಟ ತುಂಬಿಕೊಟ್ಟಿತು. ಮೀನುಗಾರರೇ ನೂರಾರು ಶಾರ್ಕ್‌ಗಳನ್ನು ಬಿಡುಗಡೆ ಮಾಡಿದರು.

ಇದು ನಮಗೆ ದೂರದ ವಿಷಯವಲ್ಲ. ನಮ್ಮ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಜಿಂಕೆ ನೋಡಲು ಬೆಂಗಳೂರಿನಿಂದ ಜನ ಬರುತ್ತಾರೆ. ಪಕ್ಕದ ಹೊಲದ ಕಡಲೆಕಾಯಿ ಬೆಳೆ ಮೇಯ್ದುಹೋದರೆ ನಷ್ಟ ಮಾತ್ರ ರೈತನದು. ನೋಡಲು ಬಂದವರ ಸಂತೋಷದಲ್ಲಿ ಕಾಯುವವನಿಗೂ ಪಾಲು ಸಿಕ್ಕರೆ ಪ್ರಾಣಿ ಉಳಿಯುತ್ತದೆ. ಮಾಲ್ಡೀವ್ಸ್, ಗುಜರಾತ್, ಮೈದನಹಳ್ಳಿ, ಮೂರು ಕಡೆಗೂ ಈ ಲೆಕ್ಕ ಒಂದೇ.

ಹಡಗಿನ ಪ್ರವಾಸದ ಖರ್ಚು ನಮ್ಮಂಥವರ ಕೈಗೆ ಎಟಕುವುದಿಲ್ಲ, ನಿಜ. ಆದರೆ ಸಮುದ್ರಕ್ಕೆ ಹೋಗಲು ಅದೊಂದೇ ದಾರಿಯಲ್ಲ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಬಿ.ಎಫ್.ಎಸ್ಸಿ. ಪದವಿ ಇದೆ, ಪಿಸಿಎಂಬಿ ಓದಿದವರು ಸಿಇಟಿ ಮೂಲಕ ಸೇರಬಹುದು. ಗೆಳೆಯ ಗೆಳತಿಯರೇ, ಈ ಬಾರಿ ಆಯ್ಕೆಯ ಪಟ್ಟಿ ತುಂಬುವಾಗ ವೈದ್ಯಕೀಯ, ಎಂಜಿನಿಯರಿಂಗ್‌ಗಳ ಕೆಳಗೆ ಆ ಹೆಸರನ್ನೂ ಒಮ್ಮೆ ನೋಡಿ.