ಅಂಚಿನಲ್ಲಿ ಅಡಗಿದ ಚಿತ್ರ



ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವಾಗಿ ಆಚರಿಸಬೇಕೆಂದು ಪೋಪ್ ಫ್ರಾನ್ಸಿಸ್‌ರವರು 2019ರಲ್ಲಿ ಗೊತ್ತುಪಡಿಸಿದರು. ಅಂದು ನಾವು ಪವಿತ್ರ ಬೈಬಲನ್ನು ಮೆರವಣಿಗೆಯಲ್ಲಿ ತಂದು, ಹಾವೇರಿಯ ಏಲಕ್ಕಿ ಹಾರ ಹಾಕಿ ಗೌರವಿಸುತ್ತೇವೆ. ಈ ಹಬ್ಬದಂದು ಆ ಗ್ರಂಥದ ಅಂಚನ್ನು ಒಮ್ಮೆ ಗಮನಿಸೋಣ.

ಯೂರೋಪಿನಲ್ಲಿ ಪುಸ್ತಕದ ಅಂಚಿನ ಮೇಲೆ ಚಿತ್ರ ಬರೆಯುವ ಕಲೆ ಬೆಳೆದಿತ್ತು. 16ನೆಯ ಶತಮಾನದಲ್ಲಿ ಇಟಲಿಯ ಚಿತ್ರಕಾರ ಚೆಸಾರೆ ವೆಚೆಲ್ಲಿಯೋ, ಪಿಲ್ಲೋನೆ ಎಂಬ ಮನೆತನದ ನೂರಕ್ಕೂ ಹೆಚ್ಚು ಪುಸ್ತಕಗಳನ್ನು ಹೀಗೆ ಅಲಂಕರಿಸಿದರು. ಆ ಚಿತ್ರಗಳು ಪುಸ್ತಕ ಮುಚ್ಚಿದ್ದಾಗಲೇ ಕಾಣುತ್ತಿದ್ದವು. ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನ ಕುಶಲಕರ್ಮಿಗಳು ಚಿತ್ರವನ್ನು ಮರೆಮಾಡುವ ವಿದ್ಯೆ ಕಂಡುಕೊಂಡರು. 18ನೆಯ ಶತಮಾನದಲ್ಲಿ ಹ್ಯಾಲಿಫ್ಯಾಕ್ಸ್ ಊರಿನ ಎಡ್ವರ್ಡ್ಸ್ ಮನೆತನದವರು ಅದನ್ನು ಹೆಸರುವಾಸಿ ಮಾಡಿದರು. ಬೈಬಲ್, ಪ್ರಾರ್ಥನಾ ಪುಸ್ತಕಗಳಿಗೂ ಇಂಥ ಚಿತ್ರಗಳಿದ್ದವು. ಅಮೆರಿಕದ ಬೋಸ್ಟನ್ ಸಾರ್ವಜನಿಕ ಗ್ರಂಥಾಲಯದಲ್ಲಿ ಇಂಥ 200ಕ್ಕೂ ಹೆಚ್ಚು ಪುಸ್ತಕಗಳಿವೆ.

ಇದರ ಗುಟ್ಟನ್ನು ರಾಣೆಬೆನ್ನೂರಿನಲ್ಲಿ ಧರ್ಮೋಪದೇಶದ ಮಕ್ಕಳಿಗೆ ನೋಟ್‌ಬುಕ್ಕಿನಲ್ಲೇ ತೋರಿಸಿದೆವು. ಹಾಳೆಗಳನ್ನು ಒಂದು ಕಡೆಗೆ ಓರೆಯಾಗಿ ಬಾಗಿಸಿದರೆ ಪ್ರತಿ ಹಾಳೆಯ ಅಂಚೂ ಕೂದಲೆಳೆಯಷ್ಟು ಇಣುಕುತ್ತದೆ. ಹಾಗೆ ಹರಡಿದ ಅಂಚಿನ ಮೇಲೆ ಒಂದು ಶಿಲುಬೆ ಬರೆದು ಕೈಬಿಟ್ಟರೆ ಗೆರೆಗಳು ಹಾಳೆಗಳ ನಡುವೆ ಸೇರಿಕೊಳ್ಳುತ್ತವೆ. ಮತ್ತೆ ಬಾಗಿಸಿದರೆ ಶಿಲುಬೆ ಮರಳಿ ಬರುತ್ತದೆ. ಕಲಾವಿದರು ಬಾಗಿಸಿದ ಪುಸ್ತಕವನ್ನು ಬಿಗಿಯಾಗಿ ಅಮುಕಿ ಹಿಡಿದು, ಬಣ್ಣ ಒಳಗೆ ಇಳಿಯದಂತೆ ಹೆಚ್ಚುಕಡಿಮೆ ಒಣ ಕುಂಚದಿಂದ ಬರೆಯುತ್ತಿದ್ದರು. ಒಣಗಿದ ಮೇಲೆ ಪುಸ್ತಕವನ್ನು ಸರಿಮಾಡಿ ಅಂಚಿಗೆ ಚಿನ್ನದ ರೇಕು ಹಚ್ಚುತ್ತಿದ್ದರು. ಆಮೇಲೆ ನೋಡುವವರಿಗೆ ಚಿನ್ನ ಮಾತ್ರ ಕಾಣುತ್ತಿತ್ತು. ಯಾವ ಒಂದು ಹಾಳೆಯಲ್ಲೂ ಪೂರ್ತಿ ಚಿತ್ರ ಇರುವುದಿಲ್ಲ. ಒಂದೊಂದು ಹಾಳೆಯೂ ಒಂದೊಂದು ಎಳೆಯನ್ನು ಹೊತ್ತಿರುತ್ತದೆ.

ಕೆಲವು ವರ್ಷಗಳ ಹಿಂದೆ ಬ್ಯಾಡಗಿಯ ಒಂದು ಮನೆಯ ಆಶೀರ್ವಾದಕ್ಕೆ ಹೋಗಿದ್ದೆವು. ಆ ಮನೆಯ ಸೊಸೆ ಎರಡು ಬೈಬಲ್ ತಂದಿಟ್ಟು, "ಫಾದರ್, ತೀರಿಕೊಂಡ ಅಜ್ಜಿ ಬೈಬಲ್ ಬಾಳ ಹೊಲಸಾಗೇತ್ರಿ. ಮದುವ್ಯಾಗ ಕೊಟ್ಟ ಹೊಸಾದು ಐತಿ. ಹಳೇದನ್ನ ಏನ್ ಮಾಡೂದ್ರಿ?" ಎಂದು ಕೇಳಿದರು. ಹೊಸದು ಗಾಜಿನ ಕಪಾಟಿನಲ್ಲಿ ಇದ್ದದ್ದು. ಅಂಚಿನ ಹೊಂಬಣ್ಣ ಥಳಥಳಿಸುತ್ತಿತ್ತು. ತೆರೆದರೆ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಹಳೆಯದನ್ನು ಮುಚ್ಚಿ ಹಿಡಿದೆವು. ಅಂಚಿನ ನಡುವೆ, ಕೀರ್ತನೆಗಳಿರುವ ಕಡೆ, ಕೆಂಗಂದು ಬಣ್ಣದ ದಪ್ಪ ಪಟ್ಟೆ ಕಂಡಿತು. ಶುಭಸಂದೇಶಗಳಿರುವಲ್ಲಿ ಇನ್ನೊಂದು. ಅಜ್ಜಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದರಂತೆ. ಕೈ ತೊಳೆದರೂ ಬೆರಳಿನ ಬಣ್ಣ ಪೂರ್ತಿ ಹೋಗುತ್ತಿರಲಿಲ್ಲವಂತೆ.

ಆ ಪಟ್ಟೆಯನ್ನು ಸೊಸೆಗೆ ತೋರಿಸಿದೆವು. ಅವರು ಸುಮ್ಮನೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಹಳೆಯ ಬೈಬಲ್ ಪೀಠದ ಮೇಲೇ ಉಳಿಯಿತು. ಅಂದು ರಾತ್ರಿ ನಾವು ನಮ್ಮ ಮೇಜಿನ ಬೈಬಲ್ಲಿನ ಅಂಚನ್ನು ದೀಪಕ್ಕೆ ಹಿಡಿದು ನೋಡಿದೆವು. ಪ್ರಬೋಧನೆಗೆ ಬೇಕಾದ ಪುಟಗಳಿರುವ ಕಡೆ ಮಾತ್ರ ಮಾಸಿತ್ತು. ಮಿಕ್ಕದ್ದೆಲ್ಲ ಬೆಳ್ಳಗಿತ್ತು. ಅದನ್ನು ನಿಮ್ಮ ಮುಂದೆ ಹೇಳಲು ನಮಗೆ ನಾಚಿಕೆಯಿದೆ.

ಹಿರಿಯರ ಪ್ರಾರ್ಥನಾ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಒದ್ದೆ ಬಟ್ಟೆಯಿಂದ ಅಂಚು ಉಜ್ಜಬೇಡಿ. ಹಳೆಯ ಪುಸ್ತಕವನ್ನು ಜೋರಾಗಿ ಬಾಗಿಸಬೇಡಿ, ಹೊಲಿಗೆ ಬಿಡುತ್ತದೆ. ಈ ಹಬ್ಬದಂದು ಮನೆಯ ಬೈಬಲ್ಲಿನ ಅಂಚನ್ನು ಮಕ್ಕಳೊಂದಿಗೆ ನೋಡಿ. ಅಂಟಿಕೊಂಡ ಹಾಳೆಗಳಿದ್ದರೆ ಮೆಲ್ಲಗೆ ಬಿಡಿಸಿ, ಅಲ್ಲಿಂದಲೇ ಓದಲು ತೊಡಗಿ. ಕೈಗೆ ಮೆಣಸಿನಕಾಯಿಯ ಬಣ್ಣವಿದ್ದರೂ ಚಿಂತೆಯಿಲ್ಲ. ದೇವರು ನಿಮ್ಮ ಕುಟುಂಬಗಳನ್ನು ಹರಸಲಿ. ಆಮೆನ್.