ಪಾಠಕ್ಕೆ ಮುಂಚಿನ ಪಾಠ

ಅಧ್ಯಾಪಕನಾದವನು ತರಗತಿಗೆ ಹೋಗುವ ಮುನ್ನ ಪಾಠವನ್ನು ಯೋಜಿಸಿಕೊಳ್ಳಬೇಕೆಂಬ ಮಾತನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಯೋಜಿಸಿಕೊಳ್ಳುವವರು ಎಷ್ಟು ಮಂದಿ ಎಂಬುದು ಬೇರೆ ಮಾತು. ತರಬೇತಿಯ ಕಾಲದಲ್ಲಿ ಗೆರೆಯೆಳೆದು ಅಂಕಣ ಅಂಕಣವಾಗಿ ತುಂಬಿದ ಪಾಠಟಿಪ್ಪಣಿಯ ಪುಸ್ತಕ, ನೌಕರಿ ಸಿಕ್ಕ ಮೇಲೆ ಪರಿವೀಕ್ಷಕರ ಕಣ್ಣಿಗಾಗಿ ಇಡುವ ಕಡತವಾಗಿಬಿಡುತ್ತದೆ. ಹಿಂದಿನ ವರ್ಷದ್ದನ್ನೇ ತಾರೀಖು ಬದಲಿಸಿ ನಕಲು ಮಾಡುವುದೂ ಉಂಟು. ಜರ್ಮನಿಯ ದಾರ್ಶನಿಕ ಹರ್ಬಾರ್ಟನ (1776-1841) ವಿಚಾರಗಳಿಂದ ಅವನ ಅನುಯಾಯಿಗಳು ರೂಪಿಸಿದ ಪಂಚ ಸೋಪಾನಗಳು - ಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ - ನಮ್ಮ ತರಬೇತಿ ಕಾಲೇಜುಗಳಲ್ಲಿ ಬಹುಕಾಲ ಮಂತ್ರದಂತೆ ನಡೆದುವು. 1956ರಲ್ಲಿ ಅಮೆರಿಕದ ಬೆಂಜಮಿನ್ ಬ್ಲೂಮ್ ಮತ್ತು ಅವರ ಸಂಗಡಿಗರು ಬೋಧನೋದ್ದೇಶಗಳ ವರ್ಗೀಕರಣವನ್ನು ಪ್ರಕಟಿಸಿದ ತರುವಾಯ ಅಂಕಣಗಳ ಹೆಸರು ಬದಲಾಯಿತು. ಇವುಗಳಿಂದ ಪ್ರಯೋಜನವಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಯೋಜನೆಯ ಜೀವ ಅಂಕಣದಲ್ಲಿಲ್ಲ. ಅದು ಎಲ್ಲಿದೆ ಎಂಬುದನ್ನು ನಾನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ. ಅದನ್ನೇ ತಮ್ಮ ಮುಂದಿಡುತ್ತೇನೆ.

1986ರಲ್ಲಿ ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಪದವಿಪೂರ್ವ ತರಗತಿಗೆ ಛಂದಸ್ಸು ಹೇಳುತ್ತಿದ್ದೆ. ಎಂ.ಎ. ಮುಗಿಸಿದ ಬಿಸಿ ಇನ್ನೂ ಆರಿರಲಿಲ್ಲ. ಲಘು-ಗುರು ಎಂಬುದು ಸಿದ್ಧತೆ ಮಾಡಿಕೊಳ್ಳಬೇಕಾದಂಥ ಪಾಠವೇ, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಿಯೇನು ಎಂದುಕೊಂಡು ಬರಿಗೈಯಲ್ಲಿ ಹೋದೆ. ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘಾಕ್ಷರ ಗುರು, ಅದಕ್ಕೆ ಎರಡು. ಅನುಸ್ವಾರ ವಿಸರ್ಗಗಳಿಂದ ಕೂಡಿದ್ದು ಗುರು. ಒತ್ತಕ್ಷರದ ಹಿಂದಿನ ಅಕ್ಷರ ಗುರು. ನಿಯಮಗಳನ್ನು ಬರೆಸಿ, ಬಾಯಿಗೆ ಬಂದ ಪದಗಳನ್ನು ಹಲಗೆಯ ಮೇಲೆ ಬರೆದೆ: ಭಕ್ತ, ಪುಸ್ತಕ, ಸಿದ್ದಪ್ಪ. ಒಟ್ಟು ಮಾತ್ರೆಗಳೆಷ್ಟು ಎಂದು ಕೇಳಿದೆ. ಮೂರು, ನಾಲ್ಕು, ಐದು ಎಂದು ತರಗತಿ ಒಕ್ಕೊರಲಿನಿಂದ ನುಡಿಯಿತು. ಮೂರೂ ಸರಿ. ನಾನು ಹಿಗ್ಗಿದೆ.

ಆಗ ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. "ಸಾರ್, ನಾನು ಒತ್ತು ಇರುವ ಅಕ್ಷರಕ್ಕೇ ಗುರು ಹಾಕಿದೆ. ಆದರೂ ಲೆಕ್ಕ ಸರಿಯಾಯಿತಲ್ಲ? ಹಿಂದಿನದಕ್ಕೇ ಏಕೆ ಹಾಕಬೇಕು?" ಎಂದ. "ನಿಯಮ ಹಾಗಿದೆ, ಕೂತುಕೊ" ಎಂದೆ. ತರಗತಿ ನಕ್ಕಿತು. ಅಲ್ಲಿಂದ ಮುಂದೆ ಎರಡು ವರ್ಷ ನನ್ನೆದುರಿಗೆ ಕುಳಿತ ಆ ಹುಡುಗ ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಕೆಲವು ವಾರಗಳ ಮೇಲೆ ಕಿರುಪರೀಕ್ಷೆಯಲ್ಲಿ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಲು ಕೊಟ್ಟಿದ್ದೆ. ಮೂರು-ನಾಲ್ಕು-ಮೂರು-ನಾಲ್ಕು ಮಾತ್ರೆಗಳ ಗಣವಾಗಿ ಸಾಲನ್ನು ವಿಂಗಡಿಸಬೇಕು. ಅರ್ಧ ತರಗತಿಗೆ ಗಣವೇ ಬೀಳಲಿಲ್ಲ. ಸಾಲಿನ ಒಟ್ಟು ಹದಿನಾಲ್ಕು ಮಾತ್ರೆ ಸರಿಯಾಗಿ ಬಂದಿದೆ, ನಡುವೆ ಗೆರೆ ಎಳೆಯಲು ಹೋದರೆ ಗುರುವೊಂದು ಅಡ್ಡ ಮಲಗಿದೆ. ಒತ್ತಕ್ಷರಕ್ಕೆ ಮುಂಚೆಯೇ ಗಣ ಮುಗಿಯಬೇಕಾದ ಕಡೆಗಳಲ್ಲೆಲ್ಲ ಇದೇ ಪಾಡು. ಅಂದು ರಾತ್ರಿ ಉತ್ತರಪತ್ರಿಕೆಗಳನ್ನು ಹರಡಿಕೊಂಡು ಕುಳಿತಾಗ ಆ ಹುಡುಗನ ಮಾತು ನೆನಪಾಯಿತು.

ನೋಡಿ, ಪುಸ್ತಕ ಎಂಬ ಪದದಲ್ಲಿ 'ಪು' ಗುರು, ಉಳಿದೆರಡು ಲಘು. ಎರಡು, ಒಂದು, ಒಂದು ಸೇರಿ ನಾಲ್ಕು. ತಪ್ಪಾಗಿ 'ಸ್ತ'ವನ್ನು ಗುರು ಮಾಡಿದರೆ ಒಂದು, ಎರಡು, ಒಂದು, ಆಗಲೂ ನಾಲ್ಕೇ. ಭಕ್ತ, ಸಿದ್ದಪ್ಪ ಪದಗಳದೂ ಅದೇ ಕಥೆ. ನಾನು ಆರಿಸಿಕೊಂಡ ಮೂರು ಉದಾಹರಣೆಗಳೂ ತಪ್ಪನ್ನು ಮುಚ್ಚಿಡುವ ಉದಾಹರಣೆಗಳಾಗಿದ್ದುವು! ಮನೆಯಲ್ಲಿ ಹತ್ತು ನಿಮಿಷ ಕುಳಿತು, ಹುಡುಗರು ಎಲ್ಲಿ ಎಡವಬಹುದು ಎಂದು ಯೋಚಿಸಿದ್ದರೆ ಬೇರೆ ಪದಗಳು ಸಿಗುತ್ತಿದ್ದುವು. 'ಕ್ರಮ' ಎಂಬುದನ್ನು ತೆಗೆದುಕೊಳ್ಳಿ. ಒತ್ತು ಮೊದಲ ಅಕ್ಷರದಲ್ಲೇ ಇದೆ, ಪದದಲ್ಲಿ ಅದರ ಹಿಂದೆ ಏನೂ ಇಲ್ಲ. ಇರುವುದು ಎರಡೇ ಮಾತ್ರೆ. ತಪ್ಪು ದಾರಿಯವರಿಗೆ ಮೂರು ಬರುತ್ತದೆ. 'ರತ್ನಾಕರ'ದಲ್ಲಿ ಆರು ಮಾತ್ರೆ. 'ತ್ನಾ' ಹೇಗೂ ದೀರ್ಘವಾದ್ದರಿಂದ ಗುರು, ಅದರ ಹಿಂದಿನ 'ರ'ವೂ ಗುರು. ತಪ್ಪು ದಾರಿಯವರಿಗೆ ಐದೇ. ಇಂಥ ಎರಡು ಪದಗಳು ಕೈಯಲ್ಲಿದ್ದರೆ ತಪ್ಪು ತಾನಾಗಿ ಎದ್ದು ನಿಲ್ಲುತ್ತದೆ.

ಇನ್ನು 'ಏಕೆ' ಎಂಬ ಪ್ರಶ್ನೆ. ಭಕ್ತ ಎಂಬುದನ್ನು ನಿಧಾನವಾಗಿ ಉಚ್ಚರಿಸಿದರೆ ಅದು 'ಭಕ್-ತ' ಎಂದು ಒಡೆಯುತ್ತದೆ. ಕಕಾರ ಹಿಂದಿನ ಸ್ವರಕ್ಕೆ ಅಂಟಿಕೊಂಡು ಅಲ್ಲಿ ಕಾಲವನ್ನು ಹಿಡಿಯುತ್ತದೆ. ಆದರೆ ನಮ್ಮ ಲಿಪಿ ಆ ಕಕಾರವನ್ನು ಮುಂದಿನ ತಕಾರದೊಡನೆ ಸೇರಿಸಿ ಒಂದೇ ಅಕ್ಷರವಾಗಿ ಬರೆಯುತ್ತದೆ. ಕಿವಿಗೆ ಹಿಂದೆ ಸೇರಿದ್ದು ಕಣ್ಣಿಗೆ ಮುಂದೆ ಕಾಣುತ್ತದೆ. ಹೊರೆ ಕಂಡಲ್ಲೇ ಗುರು ಹಾಕಿದ ಹುಡುಗ ದಡ್ಡನಲ್ಲ. ಅವನು ಕಣ್ಣನ್ನು ನಂಬಿದ್ದ, ನಾನು ಸೀಮೆಸುಣ್ಣ ಹಿಡಿದು ಅವನ ಕಣ್ಣಿಗೇ ಪಾಠ ಹೇಳಿದ್ದೆ.

ಮರುವರ್ಷ ಈ ಪಾಠಕ್ಕೆ ಅರ್ಧ ಹಾಳೆ ಬರೆದುಕೊಂಡೆ. ಮೊದಲ ಐದು ನಿಮಿಷ ಹಲಗೆ ಮುಟ್ಟುವುದಿಲ್ಲ. ತಮ್ಮ ತಮ್ಮ ಹೆಸರುಗಳನ್ನೇ ಚಪ್ಪಾಳೆಯೊಡನೆ ಒಡೆದು ಹೇಳಿಸುವುದು. ಆಮೇಲೆ ಪುಸ್ತಕ, ಅದರ ಬೆನ್ನಿಗೆ ಕ್ರಮ, ರತ್ನಾಕರ. ಕೆಳಗೆ ಗೆರೆಯೆಳೆದು ಬರೆದದ್ದು: ಶಿಥಿಲದ್ವಿತ್ವ ಇಂದು ಬೇಡ. ಹಳಗನ್ನಡದಲ್ಲಿ ಕೆಲವು ಒತ್ತಕ್ಷರಗಳನ್ನು ತೇಲಿಸಿ ನುಡಿಯುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಕೇಶಿರಾಜ ಹದಿಮೂರನೆಯ ಶತಮಾನದಲ್ಲೇ ಇದನ್ನು ವಿಚಾರಮಾಡಿದ್ದಾನೆ. ಇದನ್ನು ಹೇಳಿ ಪಾಂಡಿತ್ಯ ಮೆರೆಯುವ ಚಪಲ ನನಗೆ ಬಲವಾಗಿತ್ತು. ಆದರೆ ನಿಯಮ ಕೂರುವ ಮೊದಲೇ ಅಪವಾದವನ್ನು ತಂದರೆ ಎರಡೂ ನಿಲ್ಲುವುದಿಲ್ಲ. ಬಿಡಬೇಕಾದ್ದನ್ನು ಬರೆದುಕೊಳ್ಳುವುದು ಹೇಳಬೇಕಾದ್ದನ್ನು ಬರೆದುಕೊಳ್ಳುವುದಕ್ಕಿಂತ ಕಷ್ಟ, ಎಂ.ಎ. ಆದವರಿಗಂತೂ ಬಹಳ ಕಷ್ಟ.

ಯೋಜನೆ ಮಾಡಿದರೆ ಪಾಠ ಯಾಂತ್ರಿಕವಾಗುತ್ತದೆ, ಸ್ಫೂರ್ತಿ ಬತ್ತುತ್ತದೆ ಎನ್ನುವ ಮಿತ್ರರುಂಟು. ನನ್ನ ಅನುಭವ ಬೇರೆ. ನಲವತ್ತೈದು ನಿಮಿಷದ ಅವಧಿಯಲ್ಲಿ ಹಾಜರಿ ಕಳೆದು ಉಳಿಯುವುದು ಮೂವತ್ತೈದು. ಮಳೆಗಾಲದಲ್ಲಿ ಹೆಂಚಿನ ಮೇಲೆ ಮಳೆ ಹುಯ್ದರೆ ಅದೂ ಇಲ್ಲ. ಏನನ್ನು ಕೈಬಿಡಬಹುದು, ಯಾವುದನ್ನು ಕೂಡದು ಎಂಬುದು ಮೊದಲೇ ಗೊತ್ತಿದ್ದವನು ಮಾತ್ರ ವಿದ್ಯಾರ್ಥಿಯ ಪ್ರಶ್ನೆಯ ಹಿಂದೆ ಧೈರ್ಯವಾಗಿ ಹೋಗಬಲ್ಲ. ಅಂದು "ಕೂತುಕೊ" ಎಂದು ನನ್ನಿಂದ ಆಡಿಸಿದ್ದು ಸಿಟ್ಟಲ್ಲ, ನನ್ನಲ್ಲಿ ಉತ್ತರ ಸಿದ್ಧವಿಲ್ಲದ ಅಂಜಿಕೆ.

ಆ ಅರ್ಧ ಹಾಳೆಯೊಡನೆ ಹೋದ ದಿನ 'ಕ್ರಮ' ಎಂದು ಬರೆದು ತಿರುಗುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಇಬ್ಬರು ಹುಡುಗಿಯರು ಎರಡು, ಮೂರು ಎಂದು ಜಗಳಕ್ಕೇ ನಿಂತಿದ್ದರು. ನಾನು ಸುಮ್ಮನೆ ಕುರ್ಚಿಯಲ್ಲಿ ಕುಳಿತೆ. ಪಕ್ಕದ ಕೊಠಡಿಯಲ್ಲಿ ಎರಡನೆಯ ವರ್ಷದವರಿಗೆ ಪಾಠ ನಡೆಯುತ್ತಿತ್ತು. ಆ ಹುಡುಗ ಅಲ್ಲಿದ್ದ. ಮುಂದೆ ಬಿ.ಎ. ಸೇರುವಾಗ ಅವನು ಐಚ್ಛಿಕ ಕನ್ನಡವನ್ನು ಬಿಟ್ಟು ಇತಿಹಾಸ ತೆಗೆದುಕೊಂಡನೆಂದು ಕೇಳಿದೆ.